ಕೊಳ್ಳುವವರ ಸಂಕಟ ಮಾರುವವರ ಸೊತ್ತೇ?

ತಿಂಗಳ ಮೊದಲ ವಾರದಲ್ಲಿ ಯಾವುದಾದರೂ ಔಷಧದ ಅಂಗಡಿಯ ಮುಂದೆ ಕಾಲು ಗಂಟೆ ನಿಂತು ನೋಡಿರಿ. ಅಲ್ಲಿಗೆ ಬರುವವರಲ್ಲಿ ಬಹುಪಾಲು ಹಿರಿಯರು. ಒಂದು ಕೈಯಲ್ಲಿ ಮಡಿಸಿ ಮಡಿಸಿ ಮೆತ್ತಗಾದ ವೈದ್ಯರ ಚೀಟಿ, ಇನ್ನೊಂದು ಕೈಯಲ್ಲಿ ಎಣಿಸಿ ತಂದ ಹಣ. ಅಂಥ ಒಂದು ಸಂಜೆ ನನ್ನ ಮುಂದೆ ನಿಂತಿದ್ದವರು ನಮ್ಮ ಧರ್ಮಕೇಂದ್ರದವರೇ ಆದ ಒಬ್ಬ ನಿವೃತ್ತ ಶಿಕ್ಷಕಿ. ಅನುದಾನವಿಲ್ಲದ ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿದ ಅವರಿಗೆ ಪಿಂಚಣಿಯೆಂಬುದಿಲ್ಲ. ಕೂಡಿಟ್ಟ ಅಲ್ಪ ಹಣದ ಬಡ್ಡಿಯೇ ಜೀವನಾಧಾರ.

“ಸಕ್ಕರೆ ಕಾಯಿಲೆಯದ್ದು, ಬಿ.ಪಿ.ಯದ್ದು ಪೂರ್ತಿ ತಿಂಗಳಿನದ್ದು ಕೊಡು ಮಗಾ. ಕೊಲೆಸ್ಟರಾಲಿನದ್ದು ಹದಿನೈದೇ ಸಾಕು,” ಎಂದರು ಅವರು.

ಅಂಗಡಿಯ ಯುವಕ ಅವರ ಹಳೆಯ ವಿದ್ಯಾರ್ಥಿ. “ಟೀಚರ್, ಅದು ದಿನಕ್ಕೊಂದಲ್ಲವೇ? ಮೂವತ್ತು ಬೇಕಾಗ್ತದೆ,” ಎಂದ.

“ದಿನ ಬಿಟ್ಟು ದಿನ ತೆಗೆದುಕೊಳ್ಳುತ್ತೇನೆ. ಅದೇನು ನೋಯುವ ಕಾಯಿಲೆಯಲ್ಲವಲ್ಲ.”

ಹೊರಗೆ ಬಂದ ಮೇಲೆ ಅವರು ಚೀಲದಿಂದ ಇನ್ನೊಂದು ಸ್ಟ್ರಿಪ್ ತೆಗೆದು ನನಗೆ ತೋರಿಸಿದರು. ಅದು ಬೇರೆ ಊರಿನಲ್ಲಿರುವ ಅವರ ಅಕ್ಕ ತೆಗೆದುಕೊಳ್ಳುವ ಮಾತ್ರೆ. ಹೆಸರು ಬೇರೆ, ಬಣ್ಣ ಬೇರೆ. ಆದರೆ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಎರಡರ ಮೇಲೂ ಒಂದೇ ಔಷಧದ ಹೆಸರು: ಅಟೋರ್ವಾಸ್ಟಾಟಿನ್, 10 ಮಿಲಿಗ್ರಾಂ. ಅಕ್ಕನ ಮಾತ್ರೆಯ ಬೆಲೆ ತಂಗಿಯ ಮಾತ್ರೆಯ ಕಾಲು ಭಾಗದಷ್ಟೂ ಇರಲಿಲ್ಲ. “ನೀವು ಓದಿಕೊಂಡವರು, ಹೇಳಿ. ಎರಡೂ ಒಂದೇ ಆದರೆ ಬೆಲೆ ಹೀಗೇಕೆ? ಇವೆರಡರಲ್ಲಿ ಯಾವುದು ಮೋಸ?” ಎಂದು ಕೇಳಿದರು.

ಆ ಹೊತ್ತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಅವರ ಪ್ರಶ್ನೆ ಲೆಕ್ಕದ ಪ್ರಶ್ನೆಯಂತೆ ಕಂಡರೂ ಅದರ ಒಳಗೆ ಇನ್ನೊಂದು ಪ್ರಶ್ನೆಯಿದೆ. ಔಷಧಕ್ಕೆ ನ್ಯಾಯವಾದ ಬೆಲೆ ಎಂಬುದೊಂದು ಇದೆಯೇ? ಇದ್ದರೆ ಅದನ್ನು ಯಾವುದರಿಂದ ಅಳೆಯಬೇಕು? ಎರಡನ್ನೂ ಸೇರಿಸಿಕೊಂಡು ಆಲೋಚಿಸುವ ಪ್ರಯತ್ನ ಈ ಲೇಖನ.

ಅಕ್ಕಿಯ ಅಂಗಡಿಯ ಬೂಷ್ಟು

ಮೊದಲಿಗೆ ಈ ಮಾತ್ರೆ ಬಂದ ದಾರಿಯನ್ನು ತಿಳಿಯೋಣ. ಕೊಲೆಸ್ಟರಾಲ್ ನಮ್ಮ ದೇಹಕ್ಕೆ ಬೇಕಾದ ವಸ್ತುವೇ. ಅದರ ಬಹುಪಾಲನ್ನು ದೇಹವೇ ತಯಾರಿಸಿಕೊಳ್ಳುತ್ತದೆ. ಈ ಕೆಲಸದಲ್ಲಿ ಯಕೃತ್ತಿನ ಪಾಲು ದೊಡ್ಡದು. ನೆತ್ತರಿನಲ್ಲಿ ಅದು ಅತಿಯಾದರೆ ರಕ್ತನಾಳಗಳ ಒಳಗೋಡೆಯಲ್ಲಿ ಸೇರಿಕೊಂಡು, ವರ್ಷಗಟ್ಟಲೆ ಸದ್ದಿಲ್ಲದೆ ದಾರಿಯನ್ನು ಕಿರಿದಾಗಿಸುತ್ತದೆ. ಕೊನೆಗೊಂದು ದಿನ ಹೃದಯಾಘಾತವಾಗಿಯೋ ಪಾರ್ಶ್ವವಾಯುವಾಗಿಯೋ ತನ್ನ ಇರವನ್ನು ತಿಳಿಸುತ್ತದೆ.

ಜಪಾನಿನ ಅಕಿರಾ ಎಂಡೊ ಎಂಬ ವಿಜ್ಞಾನಿ 1971ರಲ್ಲಿ ಒಂದು ಹುಡುಕಾಟವನ್ನು ಆರಂಭಿಸಿದರು. ಯಕೃತ್ತಿನಲ್ಲಿ ಕೊಲೆಸ್ಟರಾಲ್ ತಯಾರಾಗಲು ಬೇಕಾದ ಕಿಣ್ವವನ್ನು ತಡೆಯುವ ವಸ್ತು ಯಾವುದಾದರೂ ಶಿಲೀಂಧ್ರದಲ್ಲಿ ಇರಬಹುದೆಂಬುದು ಅವರ ಊಹೆ. ಸುಮಾರು 6,000 ಬಗೆಯ ಸೂಕ್ಷ್ಮಜೀವಿಗಳನ್ನು ಒಂದೊಂದಾಗಿ ಪರೀಕ್ಷಿಸಿದ ಬಳಿಕ, ಕ್ಯೋಟೋ ನಗರದ ಧಾನ್ಯದಂಗಡಿಯೊಂದರ ಅಕ್ಕಿಯಲ್ಲಿ ಬೆಳೆದಿದ್ದ ನೀಲಿ ಹಸಿರು ಬೂಷ್ಟಿನಲ್ಲಿ ಅವರಿಗೆ ಬೇಕಾದುದು ದೊರೆಯಿತು. ನಮ್ಮ ಮನೆಗಳಲ್ಲಿ ಮಳೆಗಾಲದಲ್ಲಿ ತೊಳೆದು ಬಿಸಾಡುವಂಥ ಬೂಷ್ಟು ಅದು! ಅವರು ಕಂಡುಹಿಡಿದ ಕಾಂಪ್ಯಾಕ್ಟಿನ್ ಮಾರುಕಟ್ಟೆಗೆ ಬರಲೇ ಇಲ್ಲ. ಆದರೆ ಅದು ತೋರಿಸಿದ ಹಾದಿಯಲ್ಲಿ ನಡೆದವರು ಲೋವಾಸ್ಟಾಟಿನ್ ಎಂಬ ಔಷಧವನ್ನು ರೂಪಿಸಿದರು. 1987ರಲ್ಲಿ ಅಮೆರಿಕ ಅದಕ್ಕೆ ಒಪ್ಪಿಗೆ ನೀಡಿತು. ಇದರಲ್ಲಿ ನಮ್ಮ ನಾಡಿಗೂ ಒಂದು ಪಾಲುಂಟು. ಹುದುಗಿಸಿ ತೆಗೆಯುವ ಈ ಲೋವಾಸ್ಟಾಟಿನ್ ತಯಾರಿಕೆಗೆ ಬೆಂಗಳೂರಿನ ಬಯೋಕಾನ್ ಕಂಪನಿ 2001ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಅನುಮತಿ ಪಡೆಯಿತು.

ಈ ಬಗೆಯ ಔಷಧ ನಿಜಕ್ಕೂ ಆಯುಸ್ಸನ್ನು ಉಳಿಸುತ್ತದೆಯೇ ಎಂಬ ಸಂದೇಹವನ್ನು ಬಹುಮಟ್ಟಿಗೆ ನೀಗಿಸಿದುದು 1994ರಲ್ಲಿ ಪ್ರಕಟವಾದ ಸ್ಕ್ಯಾಂಡಿನೇವಿಯ ದೇಶಗಳ ಅಧ್ಯಯನ. ಹೃದ್ರೋಗವಿದ್ದ 4,444 ಮಂದಿಯ ಮೇಲೆ ನಡೆದ ಆ ಅಧ್ಯಯನದಲ್ಲಿ ಸಿಮ್ವಾಸ್ಟಾಟಿನ್ ಪಡೆದವರ ಸಾವಿನ ಪ್ರಮಾಣ ಸುಮಾರು ಶೇಕಡ 30ರಷ್ಟು ಕಡಿಮೆಯಾಯಿತು. ಟೀಚರಮ್ಮನ ಮಾತ್ರೆಯಾದ ಅಟೋರ್ವಾಸ್ಟಾಟಿನ್ ಅಮೆರಿಕದ ಪ್ರಯೋಗಶಾಲೆಯಲ್ಲಿ 1985ರಲ್ಲಿ ಸಿದ್ಧವಾಯಿತು; 1996ರ ಕೊನೆಯಲ್ಲಿ ಅನುಮತಿ ಪಡೆಯಿತು. 2006ರ ಸುಮಾರಿಗೆ ‘ಲಿಪಿಟರ್’ ಎಂಬ ಹೆಸರಿನಲ್ಲಿ ಅದರ ವಾರ್ಷಿಕ ಮಾರಾಟ 1,200 ಕೋಟಿ ಡಾಲರುಗಳನ್ನು ದಾಟಿತ್ತು. ಅಕಿರಾ ಎಂಡೊ ಅವರಿಗೆ ಈ ಸಂಪತ್ತಿನಲ್ಲಿ ಪಾಲು ಬರಲಿಲ್ಲ. 2024ರಲ್ಲಿ ಅವರು ತೀರಿಕೊಂಡರು. ಮಾತ್ರೆಯಿಂದ ದೊರೆಯುವ ಲಾಭವೆಲ್ಲ ಅದನ್ನು ಕಂಡುಹಿಡಿದವರ ಶ್ರಮಕ್ಕೆ ಸಲ್ಲುವ ಪ್ರತಿಫಲವೆಂಬ ಮಾತನ್ನು ಕೇಳುವಾಗ ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಬೆಲೆಯೊಳಗೆ ಏನೇನಿದೆ?

ಒಂದು ಮಾತ್ರೆಯ ಬೆಲೆಯನ್ನು ಬಿಡಿಸಿ ನೋಡಿದರೆ ಹಲವು ಪಾಲುಗಳು ಕಾಣಿಸುತ್ತವೆ. ಮೂಲವಸ್ತು ಮತ್ತು ತಯಾರಿಕೆಯದು ಒಂದು ಪಾಲು. ಹಳೆಯ ಔಷಧಗಳಲ್ಲಿ ಇದು ತೀರಾ ಸಣ್ಣದು. ಸಂಶೋಧನೆಯ ಖರ್ಚು ಮತ್ತು ಪೇಟೆಂಟು ಇನ್ನೊಂದು. ಪೇಟೆಂಟು ಇರುವಷ್ಟು ಕಾಲ ಬೇರೆ ಯಾರೂ ಆ ಔಷಧವನ್ನು ಮಾಡುವಂತಿಲ್ಲ; ಹೇಳಿದ್ದೇ ಬೆಲೆ. ಆಮೇಲೆ ಸಗಟು ವ್ಯಾಪಾರಿಯ ಪಾಲು, ಅಂಗಡಿಯವರ ಪಾಲು, ಸರ್ಕಾರದ ತೆರಿಗೆ. ಔಷಧಗಳ ಮೇಲೆ ಹೆಚ್ಚಾಗಿ ಶೇಕಡ 12ರಷ್ಟಿದ್ದ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇಕಡ 5ಕ್ಕೆ ಇಳಿಯಿತು. ಇವೆಲ್ಲದರ ಜೊತೆಗೆ ಹೆಸರಿನ ಪಾಲು ಇದೆ. ಅದರ ವಿಚಾರಕ್ಕೆ ಮತ್ತೆ ಬರುತ್ತೇನೆ.

ಭಾರತದಲ್ಲಿ ಈ ಮಾತ್ರೆ ಅಗ್ಗವಾಗಲು ಮುಖ್ಯ ಕಾರಣ 1970ರ ಪೇಟೆಂಟ್ ಕಾಯಿದೆ. ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರರ 1959ರ ವರದಿಯ ಆಧಾರದಲ್ಲಿ ರೂಪುಗೊಂಡ ಆ ಕಾಯಿದೆ, ಔಷಧಕ್ಕೆ ಪೇಟೆಂಟು ಕೊಡದೆ ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಕೊಟ್ಟಿತು. ಅದೇ ಔಷಧವನ್ನು ಬೇರೊಂದು ವಿಧಾನದಿಂದ ಮಾಡಲು ನಮ್ಮ ಕಂಪನಿಗಳಿಗೆ ಅಡ್ಡಿಯಿರಲಿಲ್ಲ. ಅಮೆರಿಕದಲ್ಲಿ 2011ರ ನವೆಂಬರ್‌ವರೆಗೆ ಪೇಟೆಂಟಿನ ರಕ್ಷಣೆಯಲ್ಲಿದ್ದ ಅಟೋರ್ವಾಸ್ಟಾಟಿನ್, ಅದಕ್ಕೆ ಬಹಳ ಮೊದಲೇ ಇಲ್ಲಿ ಹತ್ತಾರು ಹೆಸರುಗಳಲ್ಲಿ ದೊರೆಯುತ್ತಿತ್ತು. ವಿಶ್ವ ವ್ಯಾಪಾರ ಸಂಘಟನೆಯ ಒಪ್ಪಂದಕ್ಕೆ ಅನುಗುಣವಾಗಿ 2005ರಲ್ಲಿ ಕಾಯಿದೆ ಬದಲಾಯಿತು. ಹೊಸ ಔಷಧಗಳಿಗೆ ಈಗ ಇಲ್ಲಿಯೂ ಪೇಟೆಂಟು ಸಿಗುತ್ತದೆ. ಟೀಚರಮ್ಮನ ಮಾತ್ರೆಗೆ ಆ ಮಾತು ಅನ್ವಯಿಸುವುದಿಲ್ಲ. ಅದು ಯಾರ ಸ್ವತ್ತೂ ಅಲ್ಲ. ಪರವಾನಗಿಯುಳ್ಳ ಯಾವ ಕಂಪನಿಯಾದರೂ ಮಾಡಬಹುದು.

ಹಾಗಾದರೆ ಸ್ಪರ್ಧೆಯಿಂದ ಎಲ್ಲ ಹೆಸರುಗಳ ಬೆಲೆಯೂ ಇಳಿಯಬೇಕಿತ್ತಲ್ಲವೆ? ಸಂತೆಯಲ್ಲಿ ಹತ್ತು ಮಂದಿ ಒಂದೇ ತೆಂಗಿನಕಾಯಿ ಮಾರಿದರೆ ಒಬ್ಬನು ನಾಲ್ಕು ಪಟ್ಟು ಬೆಲೆ ಹೇಳಿ ಬದುಕುವಂತಿಲ್ಲ. ಔಷಧದಲ್ಲಿ ಅದು ಸಾಧ್ಯವಾಗಿರುವುದಕ್ಕೆ ಕಾರಣವಿದೆ. ಇಲ್ಲಿ ಆರಿಸುವವರು ಹಣ ಕೊಡುವುದಿಲ್ಲ. ಹಣ ಕೊಡುವವರು ಆರಿಸುವುದಿಲ್ಲ. ಆರಿಸುವವರು ವೈದ್ಯರು, ಕೊಡುವವರು ರೋಗಿಗಳು. ನಡುವೆ ನಿಂತ ಅಂಗಡಿಯವರಿಗೆ ಮನಸ್ಸಿದ್ದರೂ ಬದಲಿಸುವ ಅಧಿಕಾರವಿಲ್ಲ. ನಮ್ಮ ಔಷಧ ನಿಯಮಗಳ ಪ್ರಕಾರ, ಚೀಟಿಯಲ್ಲಿ ಬರೆದುದಕ್ಕೆ ಬದಲಾಗಿ ಅದೇ ಅಂಶವುಳ್ಳ ಬೇರೆ ಹೆಸರಿನ ಔಷಧವನ್ನು ಅವರು ತಾವಾಗಿ ಕೊಡುವಂತಿಲ್ಲ. ಆದ್ದರಿಂದ ಕಂಪನಿಗಳು ಪೈಪೋಟಿ ನಡೆಸುವುದು ರೋಗಿಯ ಜೇಬನ್ನು ಹಗುರ ಮಾಡದಿರಲೆಂದಲ್ಲ. ವೈದ್ಯರ ಲೇಖನಿಯ ತುದಿಯಲ್ಲಿ ತಮ್ಮ ಹೆಸರು ನಿಲ್ಲಲೆಂದು. ಪ್ರತಿನಿಧಿಗಳ ಭೇಟಿ, ಸಮ್ಮೇಳನ, ಕಾಣಿಕೆ ಎಲ್ಲದರ ಖರ್ಚೂ ಕೊನೆಗೆ ಸೇರುವುದು ಸ್ಟ್ರಿಪ್ಪಿನ ಬೆಲೆಗೆ. ವೈದ್ಯರಿಗೆ ಕಾಣಿಕೆ ಕೊಡುವುದನ್ನು 2024ರ ಮಾರ್ಚಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಔಷಧ ಮಾರಾಟ ಸಂಹಿತೆ ನಿಷೇಧಿಸಿದೆ. ನಿಷೇಧಿಸಬೇಕಾಯಿತು ಎಂಬುದರಲ್ಲೇ ಬಹಳಷ್ಟು ಅಡಗಿದೆ.

ಸರ್ಕಾರ ಕೈಕಟ್ಟಿ ಕುಳಿತಿಲ್ಲ. ಅಟೋರ್ವಾಸ್ಟಾಟಿನ್ ಅತ್ಯಾವಶ್ಯಕ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿದೆ. ಪಟ್ಟಿಯಲ್ಲಿರುವ ಔಷಧಗಳಿಗೆ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರ ಗರಿಷ್ಠ ಬೆಲೆಯನ್ನು ಗೊತ್ತುಪಡಿಸುತ್ತದೆ. ಆದರೆ ಗೊತ್ತುಪಡಿಸುವ ಬಗೆ 2013ರಲ್ಲಿ ಬದಲಾಯಿತು. 1995ರ ಆದೇಶದಂತೆ ತಯಾರಿಕೆಯ ವೆಚ್ಚವನ್ನು ಲೆಕ್ಕಹಾಕಿ ಅದರ ಮೇಲೆ ಬೆಲೆ ಕಟ್ಟುತ್ತಿದ್ದರು. 2013ರ ಆದೇಶದಂತೆ, ಮಾರುಕಟ್ಟೆಯಲ್ಲಿ ಶೇಕಡ 1ಕ್ಕೆ ಕಡಿಮೆಯಿಲ್ಲದಷ್ಟು ಪಾಲಿರುವ ಎಲ್ಲ ಹೆಸರುಗಳ ಬೆಲೆಯನ್ನು ಕೂಡಿಸಿ, ಸರಾಸರಿ ತೆಗೆದು, ಅಂಗಡಿಯವರಿಗೆ ಶೇಕಡ 16 ಸೇರಿಸುತ್ತಾರೆ. ಅಂದರೆ ‘ಇದನ್ನು ಮಾಡಲು ಎಷ್ಟಾಗುತ್ತದೆ?’ ಎಂಬ ಪ್ರಶ್ನೆಯ ಜಾಗದಲ್ಲಿ ‘ಈಗ ಎಷ್ಟಕ್ಕೆ ಮಾರುತ್ತಿದ್ದಾರೆ?’ ಎಂಬ ಪ್ರಶ್ನೆ ಬಂದು ಕುಳಿತಿತು. ಮಾರುವವರೆಲ್ಲ ಬೆಲೆ ಏರಿಸಿಕೊಂಡಿದ್ದರೆ ಸರಾಸರಿಯೂ ಏರಿರುತ್ತದೆ. ಪಟ್ಟಿಯ ಹೊರಗಿನ ಔಷಧಗಳ ಬೆಲೆಯನ್ನು ಕಂಪನಿಗಳೇ ನಿರ್ಧರಿಸುತ್ತವೆ. ವರ್ಷಕ್ಕೆ ಶೇಕಡ 10ಕ್ಕಿಂತ ಹೆಚ್ಚು ಏರಿಸಬಾರದೆಂಬುದಷ್ಟೇ ಅಲ್ಲಿನ ಕಟ್ಟಳೆ.

ಇನ್ನೊಂದು ದಾರಿ 2008ರಲ್ಲಿ ಆರಂಭವಾದ ಜನೌಷಧಿ ಕೇಂದ್ರಗಳದ್ದು. ಒಟ್ಟಾಗಿ ಸಗಟಿನಲ್ಲಿ ಕೊಂಡು, ಹೆಸರಿನ ಆಡಂಬರವಿಲ್ಲದೆ ಮಾರುವುದರಿಂದ ಅಲ್ಲಿ ಬೆಲೆ ಶೇಕಡ 50ರಿಂದ 90ರವರೆಗೆ ಕಡಿಮೆಯೆಂದು ಸರ್ಕಾರ ಹೇಳುತ್ತದೆ. 2025ರ ವೇಳೆಗೆ ದೇಶದಲ್ಲಿ ಇಂಥ ಕೇಂದ್ರಗಳ ಸಂಖ್ಯೆ 15,000 ತಲುಪಿತ್ತು. ಎಲ್ಲ ಕೇಂದ್ರಗಳಲ್ಲಿ ಎಲ್ಲ ಔಷಧಗಳೂ ಎಲ್ಲ ದಿನವೂ ಇರುವುದಿಲ್ಲವೆಂಬುದು ನಿಜ. ಆದರೂ ಅಕ್ಕನ ಸ್ಟ್ರಿಪ್ಪು ಬಂದುದು ಅಲ್ಲಿಂದಲೇ.

ಕಾಸಿಗೆ ತಕ್ಕ ಕಜ್ಜಾಯವೇ?

“ಕಡಿಮೆ ಬೆಲೆಯದ್ದು ಕಡಿಮೆ ಗುಣದ್ದೇ ಇರಬೇಕು” ಎಂಬ ಅಳುಕು ಟೀಚರಮ್ಮನಿಗೂ ಇತ್ತು. ‘ಕಾಸಿಗೆ ತಕ್ಕ ಕಜ್ಜಾಯ’ ಎಂದು ಕೇಳಿ ಬೆಳೆದವರಲ್ಲವೆ ನಾವು? ಕಜ್ಜಾಯದ ವಿಷಯದಲ್ಲಿ ಗಾದೆ ಸರಿ. ಅದರಲ್ಲಿ ತುಪ್ಪವೆಷ್ಟು, ಬೆಲ್ಲವೆಷ್ಟು ಎಂಬುದು ನಾಲಿಗೆಗೆ ತಿಳಿಯುತ್ತದೆ. ಮಾತ್ರೆಯ ಗುಣ ನಾಲಿಗೆಗೆ ತಿಳಿಯುವುದಿಲ್ಲ. ಆದುದರಿಂದಲೇ ನಾವು ಬೆಲೆಯನ್ನು ಗುಣದ ಸಾಕ್ಷಿಯೆಂದು ನಂಬುತ್ತೇವೆ.

ಈ ಅಳುಕನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ನಮ್ಮ ದೇಶದಲ್ಲಿ ಕಳಪೆ ಔಷಧಗಳು ಸಿಕ್ಕಿಬಿದ್ದ ನಿದರ್ಶನಗಳಿವೆ. ನಂಬಿಕೆಯ ಹೆಸರನ್ನೇ ಬರೆಯುವ ಅನೇಕ ವೈದ್ಯರು ಪ್ರಾಮಾಣಿಕವಾದ ಎಚ್ಚರಿಕೆಯಿಂದಲೇ ಹಾಗೆ ಮಾಡುತ್ತಾರೆ. ಆದರೆ ದೊಡ್ಡ ಹೆಸರೂ ಭದ್ರತೆಯ ಮುದ್ರೆಯಲ್ಲ. 2012ರ ನವೆಂಬರಿನಲ್ಲಿ, ಭಾರತದ ಅತಿ ದೊಡ್ಡ ಔಷಧ ಕಂಪನಿಗಳಲ್ಲಿ ಒಂದಾಗಿದ್ದ ರಾನ್‌ಬಾಕ್ಸಿ, ಗಾಜಿನ ಸಣ್ಣ ಕಣಗಳಿರಬಹುದೆಂಬ ಕಾರಣಕ್ಕೆ ಇದೇ ಅಟೋರ್ವಾಸ್ಟಾಟಿನ್ ಮಾತ್ರೆಗಳ ಕೆಲವು ತಂಡಗಳನ್ನು ಅಮೆರಿಕದ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಬೇಕಾಯಿತು. ಮರುವರ್ಷ, ಔಷಧ ತಯಾರಿಕೆಯ ಇತರ ಲೋಪಗಳಿಗಾಗಿ ಆ ಕಂಪನಿ ಅಲ್ಲಿನ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು 50 ಕೋಟಿ ಡಾಲರ್ ತೆರಲು ಒಪ್ಪಿತು. ಗುಣವನ್ನು ಕಾಯುವುದು ಬೆಲೆಯಲ್ಲ, ಪರೀಕ್ಷೆ. ಅಟೋರ್ವಾಸ್ಟಾಟಿನ್‌ನಂತೆ ನೀರಿನಲ್ಲಿ ಸುಲಭವಾಗಿ ಕರಗದ ಔಷಧಗಳನ್ನು ಹೊಸದಾಗಿ ತಯಾರಿಸಲು ಪರವಾನಗಿ ಕೇಳುವವರು, ತಮ್ಮ ಮಾತ್ರೆ ಮೂಲ ಔಷಧದಂತೆಯೇ ನೆತ್ತರನ್ನು ಸೇರುತ್ತದೆಂದು ತೋರಿಸಬೇಕೆಂಬ ನಿಯಮ 2017ರಲ್ಲಿ ಬಂದಿತು. ಇಂಥ ಪರೀಕ್ಷೆಯನ್ನು ಬಿಗಿಗೊಳಿಸಿರೆಂದು ಕೇಳುವುದು ನ್ಯಾಯ. ಪರೀಕ್ಷೆಯ ಕೊರತೆಯನ್ನು ಬಡವರ ಹಣದಿಂದ ತುಂಬಿಸಿಕೊಳ್ಳುವುದು ನ್ಯಾಯವಲ್ಲ.

ಸೋಲಿನ ಖರ್ಚನ್ನು ಯಾರು ಕೊಡಬೇಕು?

ಇಲ್ಲಿ ಇನ್ನೊಂದು ಪಕ್ಷದ ವಾದವನ್ನೂ ಮನಸ್ಸಿಟ್ಟು ಕೇಳಬೇಕು. ಲಾಭವಿಲ್ಲದಿದ್ದರೆ ಹೊಸ ಔಷಧ ಎಲ್ಲಿಂದ ಬರುತ್ತದೆ? ಈ ವಾದ ಪೊಳ್ಳಲ್ಲ. ಫೈಜರ್ ಕಂಪನಿಯು ಟಾರ್ಸೆಟ್ರಾಪಿಬ್ ಎಂಬ ಔಷಧದ ಮೇಲೆ ಸುಮಾರು 80 ಕೋಟಿ ಡಾಲರ್ ಖರ್ಚು ಮಾಡಿತು. ಒಳ್ಳೆಯ ಕೊಲೆಸ್ಟರಾಲನ್ನು ಹೆಚ್ಚಿಸಿ ಹೃದಯವನ್ನು ಕಾಯುವುದೆಂಬ ಭರವಸೆ ಅದರ ಮೇಲಿತ್ತು. ಸುಮಾರು 15,000 ಮಂದಿಯ ಮೇಲೆ ನಡೆಯುತ್ತಿದ್ದ ಪರೀಕ್ಷೆಯಲ್ಲಿ ಅದನ್ನು ತೆಗೆದುಕೊಂಡವರೇ ಹೆಚ್ಚು ಸಂಖ್ಯೆಯಲ್ಲಿ ಸಾಯುತ್ತಿರುವುದು ಕಂಡುಬಂದಾಗ, 2006ರ ಡಿಸೆಂಬರಿನಲ್ಲಿ ಎಲ್ಲವನ್ನೂ ನಿಲ್ಲಿಸಲಾಯಿತು. ಎಂಡೊ ಅವರ 6,000 ಮಾದರಿಗಳಲ್ಲಿ ಬಹುತೇಕ ಎಲ್ಲವೂ ವ್ಯರ್ಥವೇ ಆಗಿದ್ದವು. ಗೆದ್ದ ಒಂದು ಔಷಧದ ಬೆಲೆಯಲ್ಲಿ ಸೋತ ಹತ್ತರ ಖರ್ಚೂ ಸೇರಿರುತ್ತದೆ ಎಂಬುದನ್ನು ಒಪ್ಪಲೇಬೇಕು. ದುಡಿದವರಿಗೆ ಕೂಲಿ, ಸಾಹಸಪಟ್ಟವರಿಗೆ ಪ್ರತಿಫಲ ಸಲ್ಲಬೇಕು.

ಹಾಗಾದರೆ ನ್ಯಾಯವಾದ ಪ್ರತಿಫಲ ಎಲ್ಲಿ ಮುಗಿಯುತ್ತದೆ, ಸುಲಿಗೆ ಎಲ್ಲಿ ಆರಂಭವಾಗುತ್ತದೆ? 13ನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ತಮ್ಮ ‘ಸುಮ್ಮಾ ಥಿಯಲಾಜಿಯಾ’ ಗ್ರಂಥದಲ್ಲಿ, ಒಂದು ವಸ್ತುವನ್ನು ಅದರ ಯೋಗ್ಯತೆಗಿಂತ ಹೆಚ್ಚು ಬೆಲೆಗೆ ಮಾರಬಹುದೇ ಎಂಬ ಪ್ರಶ್ನೆಯನ್ನು ಎತ್ತಿಕೊಳ್ಳುತ್ತಾರೆ. ನ್ಯಾಯವಾದ ಬೆಲೆಯನ್ನು ಕೂದಲೆಳೆಯಷ್ಟು ಕರಾರುವಾಕ್ಕಾಗಿ ಹೇಳಲಾಗದೆಂದು ಅವರೂ ಒಪ್ಪುತ್ತಾರೆ. ಆದರೆ ಎರಡು ಸಂದರ್ಭಗಳನ್ನು ಅವರು ಬೇರ್ಪಡಿಸುತ್ತಾರೆ. ವಸ್ತುವನ್ನು ಬಿಟ್ಟುಕೊಡುವುದರಿಂದ ಮಾರುವವನಿಗೆ ನಷ್ಟವಾಗುವುದಾದರೆ, ಆ ನಷ್ಟವನ್ನು ಬೆಲೆಗೆ ಸೇರಿಸಿಕೊಳ್ಳಬಹುದು. ಏಕೆಂದರೆ ನಷ್ಟ ಅವನದು. ಮಾರುವವನಿಗೆ ನಷ್ಟವೇನೂ ಇಲ್ಲದೆ, ಕೊಳ್ಳುವವನಿಗೆ ಮಾತ್ರ ಅದು ಅತಿ ಅಗತ್ಯವಾಗಿದ್ದರೆ, ಆ ಅಗತ್ಯವನ್ನು ನೋಡಿ ಬೆಲೆ ಏರಿಸುವಂತಿಲ್ಲ. ಏಕೆಂದರೆ ಆ ಅಗತ್ಯ ಮಾರುವವನದಲ್ಲ. ತನ್ನದಲ್ಲದ್ದನ್ನು ಯಾರೂ ಮಾರಬಾರದು. ಉಪಕಾರ ಪಡೆದವನು ಸಂತೋಷದಿಂದ ಹೆಚ್ಚು ಕೊಟ್ಟರೆ ಅದು ಅವನ ಔದಾರ್ಯ, ಅಷ್ಟೇ.

ಏಳುನೂರೈವತ್ತು ವರ್ಷ ಹಳೆಯದಾದ ಈ ವಿವೇಚನೆ ಇಂದಿನ ಔಷಧದ ಮಾರುಕಟ್ಟೆಗೆ ಎಷ್ಟು ಚೆನ್ನಾಗಿ ಹೊಂದುತ್ತದೆ! ಸಂಶೋಧನೆಯ ಖರ್ಚು, ಸೋತ ಪ್ರಯತ್ನಗಳ ಖರ್ಚು, ಕಾರ್ಖಾನೆಯ ಖರ್ಚು, ಪರೀಕ್ಷೆಯ ಖರ್ಚು, ನ್ಯಾಯವಾದ ಲಾಭ ಇವೆಲ್ಲ ಮಾರುವವರದ್ದು, ಬೆಲೆಯಲ್ಲಿ ಸೇರಲಿ. ರೋಗಿಯ ಭಯ, ಸಾವಿನ ಅಂಜಿಕೆ, ಕುಟುಂಬದ ಕಳವಳ ಇವು ರೋಗಿಯವು; ಬೆಲೆಯಲ್ಲಿ ಸೇರಬಾರದು.

“ಹೃದಯದ ಶಸ್ತ್ರಚಿಕಿತ್ಸೆಗೆ ಲಕ್ಷಗಟ್ಟಲೆ ಖರ್ಚಾಗುತ್ತದೆ, ಅದನ್ನು ತಪ್ಪಿಸುವ ನಮ್ಮ ಔಷಧ ಆ ಲೆಕ್ಕದಲ್ಲಿ ಅಗ್ಗವೇ” ಎಂಬ ಸಮರ್ಥನೆಯನ್ನು ಆಗಾಗ ಕೇಳುತ್ತೇವೆ. ಕೇಳಲು ಇದು ಸಮಂಜಸವೆನಿಸುತ್ತದೆ. ಆದರೆ ಬರಗಾಲದಲ್ಲಿ ಬಾವಿಯೊಡೆಯನೊಬ್ಬ, “ನೀರು ಸಿಗದಿದ್ದರೆ ನೀನು ಸಾಯುವೆ, ನಿನ್ನ ಜೀವಕ್ಕೆ ಹೋಲಿಸಿದರೆ ಕೊಡವೊಂದಕ್ಕೆ ಸಾವಿರ ರೂಪಾಯಿ ಹೆಚ್ಚಲ್ಲ” ಎಂದರೆ ನಮಗೆ ಹೇಗನಿಸೀತು? ಅವನು ಮಾರುತ್ತಿರುವುದು ನೀರನ್ನಲ್ಲ, ನಮ್ಮ ಬಾಯಾರಿಕೆಯನ್ನು.

ಕೊಲೆಸ್ಟರಾಲಿನ ಹೊಸ ಚುಚ್ಚುಮದ್ದುಗಳ ಕಥೆ ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. 2015ರಲ್ಲಿ ಎವೊಲೊಕುಮಾಬ್, ಅಲಿರೊಕುಮಾಬ್ ಎಂಬ ಎರಡು ಔಷಧಗಳು ಅಮೆರಿಕದ ಮಾರುಕಟ್ಟೆಗೆ ಬಂದಾಗ ವರ್ಷದ ಬೆಲೆ 14,000 ಡಾಲರುಗಳ ಆಸುಪಾಸಿನಲ್ಲಿತ್ತು. ವಿಮಾ ಕಂಪನಿಗಳು ಕೊಡಲು ಹಿಂಜರಿದವು. ಔಷಧ ಬೇಕಾದವರಿಗೆ ಸಿಗಲಿಲ್ಲ. 2017 ಮತ್ತು 2018ರಲ್ಲಿ ಬಂದ ದೊಡ್ಡ ಅಧ್ಯಯನಗಳು ಇವು ಹೃದಯಾಘಾತವನ್ನು ಕಡಿಮೆ ಮಾಡುತ್ತವೆಂದು ದೃಢಪಡಿಸಿದವು. ಅಷ್ಟಾದ ಮೇಲೆ, 2018ರಲ್ಲಿ, ಎವೊಲೊಕುಮಾಬಿನ ಬೆಲೆ ವರ್ಷಕ್ಕೆ 5,850 ಡಾಲರಿಗೆ ಇಳಿಯಿತು. ಔಷಧದ ಗುಣ ಹೆಚ್ಚು ಖಚಿತವಾದ ಮೇಲೆ ಬೆಲೆ ಅರ್ಧಕ್ಕೂ ಕೆಳಗೆ ಬಂದಿತು! ಮೊದಲಿನ ಬೆಲೆ ಖರ್ಚಿನ ಲೆಕ್ಕದಿಂದ ಹುಟ್ಟಿದ್ದೇ ಆಗಿದ್ದರೆ ಇಷ್ಟು ಇಳಿಸಲು ಆಗುತ್ತಿರಲಿಲ್ಲ. ಎಷ್ಟರವರೆಗೆ ಎಳೆಯಬಹುದೆಂದು ಎಳೆದು ನೋಡಿದರು. ಹಗ್ಗ ಹರಿಯುವಂತಾದಾಗ ಸಡಿಲಿಸಿದರು.

ನಮ್ಮ ಟೀಚರಮ್ಮನ ಮಾತ್ರೆಯ ವಿಷಯದಲ್ಲಿ ಮಾತು ಇನ್ನೂ ಸರಳ. ಆ ಔಷಧವನ್ನು ಕಂಡುಹಿಡಿದವರು ತಮ್ಮ ಪ್ರತಿಫಲವನ್ನು ಎಂದೋ ಪಡೆದಾಗಿದೆ. ಅವರು ಕೊಡುತ್ತಿರುವ ಹೆಚ್ಚಿನ ಹಣ ಹೊಸ ಸಂಶೋಧನೆಗೂ ಹೋಗುತ್ತಿಲ್ಲ, ಹೆಚ್ಚಿನ ಗುಣಕ್ಕೂ ಹೋಗುತ್ತಿಲ್ಲ. ಬಹುಪಾಲು ಹೋಗುತ್ತಿರುವುದು ಒಂದು ಹೆಸರಿಗೆ ಮತ್ತು ಆ ಹೆಸರನ್ನು ಚೀಟಿಯ ಮೇಲೆ ಬರೆಯಿಸುವ ಏರ್ಪಾಡಿಗೆ.

ನೋಯದ ಕಾಯಿಲೆ

“ಅದೇನು ನೋಯುವ ಕಾಯಿಲೆಯಲ್ಲವಲ್ಲ” ಎಂದ ಅವರ ಮಾತಿಗೆ ಮರಳೋಣ. ಬಡತನ ಔಷಧವನ್ನು ಕತ್ತರಿಸಲು ಹೊರಟಾಗ ಮೊದಲು ಕತ್ತರಿಸುವುದು ನೋವಿನ ಮಾತ್ರೆಯನ್ನಲ್ಲ. ಬಿಟ್ಟರೂ ಇಂದು ಏನೂ ತಿಳಿಯದ ಮಾತ್ರೆಯನ್ನು. ಕೊಲೆಸ್ಟರಾಲಿನ ಮಾತ್ರೆ ಅಂಥದು. ಅದನ್ನು ನುಂಗಿದ ದಿನ ಹಾಯೆನಿಸುವುದಿಲ್ಲ, ಬಿಟ್ಟ ದಿನ ಸಂಕಟವಾಗುವುದಿಲ್ಲ. ಹೆಚ್ಚಿನ ಬೆಲೆ ಇಲ್ಲಿ ಜಗಳವಾಗಿ, ದೂರಾಗಿ, ಪತ್ರಿಕೆಯ ಸುದ್ದಿಯಾಗಿ ಹೊರಗೆ ಬರುವುದಿಲ್ಲ. ಅದು ಸದ್ದಿಲ್ಲದೆ ಹದಿನೈದು ಮಾತ್ರೆಗಳಾಗಿ ಮನೆಗೆ ಹೋಗುತ್ತದೆ.

ಇದಕ್ಕೆ ಸಂಕೋಚವೂ ಜೊತೆಗೂಡುತ್ತದೆ. ಜೀವನವಿಡೀ ಗೌರವದಿಂದ ಬಾಳಿದವರಿಗೆ “ಇಷ್ಟು ಹಣ ನನ್ನಲ್ಲಿಲ್ಲ” ಎಂದು ವೈದ್ಯರೆದುರು ಹೇಳುವುದು ಸುಲಭವಲ್ಲ. ನಮ್ಮ ಮನೆಗಳ ಹಿರಿಯರು ಈ ಮಾತನ್ನು ಮಕ್ಕಳೆದುರೂ ಹೇಳುವುದಿಲ್ಲ. “ಔಷಧ ತಗೊಂಡ್ರಾ ಅಮ್ಮ?” ಎಂದು ದೂರದೂರಿನಿಂದ ಫೋನಿನಲ್ಲಿ ಕೇಳಿದರೆ “ಹೂಂ, ಆಯ್ತು” ಎನ್ನುತ್ತಾರೆ. ಸ್ಟ್ರಿಪ್ಪಿನಲ್ಲಿ ಎಷ್ಟು ಮಾತ್ರೆ ಉಳಿದಿವೆಯೆಂದು ತೆರೆದು ನೋಡುವವರು ಹತ್ತಿರದಲ್ಲಿಲ್ಲ. ಮುಂದಿನ ಸಲ ಊರಿಗೆ ಹೋದಾಗ ನೋಡಿರಿ, ಎಣಿಸಿರಿ.

ಇಲ್ಲಿ ಎಲ್ಲರಿಗೂ ಒಂದೊಂದು ಹೊಣೆಯಿದೆ. ಔಷಧದ ಮೂಲ ಹೆಸರನ್ನು ಸ್ಪಷ್ಟವಾದ ಅಕ್ಷರಗಳಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿಯ ನೀತಿಸಂಹಿತೆ 2016ರ ತಿದ್ದುಪಡಿಯಲ್ಲಿ ವೈದ್ಯರಿಗೆ ತಿಳಿಸಿದೆ. 2023ರ ಆಗಸ್ಟಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇದನ್ನು ಇನ್ನಷ್ಟು ಬಿಗಿಗೊಳಿಸುವ ನಿಯಮ ತಂದು, ವೈದ್ಯರ ಸಂಘಟನೆಗಳ ವಿರೋಧ ಬಂದಾಗ ಅದೇ ತಿಂಗಳಲ್ಲಿ ತಡೆಹಿಡಿಯಿತು. ನಿಯಮವಿರಲಿ ಇಲ್ಲದಿರಲಿ, ಎದುರಿಗೆ ಕುಳಿತವರ ಚಪ್ಪಲಿಯನ್ನೂ ಚೀಲವನ್ನೂ ನೋಡಿ “ಇದು ನಿಮಗೆ ಹೊರೆಯಾಗುತ್ತದೆಯೇ?” ಎಂದು ಕೇಳುವ ವೈದ್ಯರು ನಮ್ಮಲ್ಲಿ ಇದ್ದಾರೆ. ಅವರ ಸಂಖ್ಯೆ ಬೆಳೆಯಲಿ. ಅವರು ಕೇಳದಿದ್ದರೆ ನಾವಾದರೂ ಕೇಳಬೇಕು: “ಡಾಕ್ಟರೇ, ಇದೇ ಔಷಧ ಕಡಿಮೆ ಬೆಲೆಯಲ್ಲಿ ಸಿಗುವುದಾದರೆ ಅದನ್ನೇ ಬರೆದುಕೊಡಬಹುದೇ?” ಇದರಲ್ಲಿ ಅವಮಾನವೇನೂ ಇಲ್ಲ. ಕೇಳದೆ ಮಾತ್ರೆಯನ್ನು ಅರ್ಧಕ್ಕಿಳಿಸುವುದು ಮಾತ್ರ ಅಪಾಯ. ಅದನ್ನು ಯಾರೂ ತಾವಾಗಿ ಮಾಡಬಾರದು.

ಮುಂದಿನ ತಿಂಗಳು ಟೀಚರಮ್ಮ ವೈದ್ಯರನ್ನು ಕೇಳಿದರು. ಅವರು ಒಂದು ಕ್ಷಣ ಸುಮ್ಮನಿದ್ದು, “ಮೊದಲೇ ಹೇಳಬಾರದಿತ್ತೇ ಅಮ್ಮ?” ಎಂದು, ಹಳೆಯ ಹೆಸರನ್ನು ಹೊಡೆದುಹಾಕಿ ಔಷಧದ ಮೂಲ ಹೆಸರನ್ನು ಬರೆದುಕೊಟ್ಟರಂತೆ. ಈಗ ಅವರು ದಿನಕ್ಕೊಂದು ಮಾತ್ರೆ ತೆಗೆದುಕೊಳ್ಳುತ್ತಾರೆ. ಇಡೀ ತಿಂಗಳಿಗೆ ಆಗುವ ಖರ್ಚು ಹಿಂದಿನ ಹದಿನೈದು ಮಾತ್ರೆಗಳಿಗಿಂತ ಕಡಿಮೆ.

ಅವರು ಕೇಳಿದ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಇದು: ಎರಡು ಮಾತ್ರೆಗಳೂ ಮೋಸವಲ್ಲ. ನಿಮ್ಮ ಸಂಕಟವನ್ನು ಬೆಲೆಗೆ ಸೇರಿಸಿದ್ದು ಮೋಸ. ಅವರು ಸ್ವಲ್ಪ ಹೊತ್ತು ಯೋಚಿಸಿ, “ಹೆಚ್ಚು ಕೊಟ್ಟ ಹಣ ಹೋದರೆ ಹೋಯಿತು. ಮಾತ್ರೆಯಿಲ್ಲದೆ ಕಳೆದ ದಿನಗಳನ್ನು ಯಾರ ಲೆಕ್ಕಕ್ಕೆ ಬರೆಯುವುದು?” ಎಂದರು. ಅದಕ್ಕೆ ಉತ್ತರ ನನ್ನಲ್ಲಿ ಈಗಲೂ ಇಲ್ಲ.